ಹರಟೆಮಲ್ಲರು

ಶನಿವಾರ ರಾತ್ರಿ ಹತ್ತೂವರೆಗೆ ಮೊಬೈಲಿಗೆ ಒಂದು ಸಾಲು ಬಂದು ಬೀಳುತ್ತದೆ: ‘ನಾಳೆ ಐದೂವರೆ, ಏರಿ ಮೇಲೆ.’ ಯಾವ ಕೆರೆ, ಯಾರ್‍ಯಾರು, ತಿಂಡಿ ಎಲ್ಲಿ ಎಂಬ ವಿವರವಿಲ್ಲ. ಬೇಕಾದವರಿಗೆ ಎಲ್ಲವೂ ಗೊತ್ತು. ಮಾಘದ ಚಳಿ ಇನ್ನೂ ಗಟ್ಟಿಯಾಗಿರುವಾಗಲೇ, ಹಾಲಿನ ವ್ಯಾನೂ ಬಾರದ ಹೊತ್ತಿನಲ್ಲಿ, ಬೆಂಗಳೂರಿನ ಅಂಚಿನ ಒಂದು ಕೆರೆ ಏರಿಯ ಮೇಲೆ ಮೂವರು ನಿಂತಿರುತ್ತಾರೆ. ಮಂಕಿ ಟೋಪಿಯವರು ಬ್ಯಾಂಕಿನಿಂದ ನಿವೃತ್ತರಾದವರು. ಕಿವಿಯಿಂದ ಆಗತಾನೇ ಇಯರ್‌ಫೋನ್ ಕಿತ್ತವನು ಸಾಫ್ಟ್‌ವೇರಿನ ಹುಡುಗ. ಚಪ್ಪಲಿಯಲ್ಲೇ ಬಂದು ಪಾದವೆಲ್ಲ ಇಬ್ಬನಿ ಮಾಡಿಕೊಂಡವರು ಹೈಸ್ಕೂಲಿನ ಮೇಷ್ಟ್ರು. ವಯಸ್ಸು, ಸಂಬಳ, ಮನೆದೇವರು, ಮತ ಹಾಕುವ ಪಕ್ಷ ಯಾವುದರಲ್ಲೂ ಇವರಿಗೆ ತಾಳೆಯಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದರೆ ಕಿಟಕಿ ಹಾಕುವ ವಿಷಯಕ್ಕೆ ಜಗಳವಾಡಿ ಇಳಿದುಹೋಗುತ್ತಿದ್ದರು. ಆದರೆ ಮೂವರ ಕೊರಳಲ್ಲೂ ಬೈನಾಕ್ಯುಲರ್ ತೂಗುತ್ತಿದೆ, ಹಾಗಾಗಿ ಇವರು ಜೀವದ ಗೆಳೆಯರು. ತಮ್ಮ ಹವ್ಯಾಸವನ್ನು ಇವರು ‘ಪಕ್ಷಿ ವೀಕ್ಷಣೆ’ ಎನ್ನುತ್ತಾರೆ. ಸಂಸ್ಕೃತದ ಶಾಲು ಹೊದಿಸಿದರೆ ಎಂಥ ಚಟಕ್ಕೂ ಸಭಾಮರ್ಯಾದೆ ಬಂದುಬಿಡುತ್ತದೆ. ಶಾಲು ಸರಿಸಿ ನೋಡಿದರೆ ಒಳಗೆ ಕೂತಿರುವವರು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಹಳೆಯ ಆಸಾಮಿ: ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗಿಬರುವವರ ಲೆಕ್ಕವಿಡುತ್ತಿದ್ದ ಅಜ್ಜ. ಊರಿನ ಮನೆಗಳಿಂದ ಜಗಲಿ ಹೋಯಿತು, ಅಪಾರ್ಟ್‌ಮೆಂಟಿನ ಬಾಗಿಲುಗಳು ಮುಚ್ಚಿಕೊಂಡವು. ಆದರೆ ಪಕ್ಕದ ಮನೆಯ ಸಂಗತಿ ತಿಳಿಯಬೇಕೆಂಬ ಆಸೆ ಎಲ್ಲಿಗೆ ಹೋಗಬೇಕು? ಅದು ಕೆರೆ ಏರಿ ಹತ್ತಿತು ಎಂಬುದು ನನ್ನ ವಾದ.

ಸಾಕ್ಷಿಗೆ ಇವರ ಮಾತನ್ನೇ ಕೇಳಬೇಕು. ಹೊಸದಾಗಿ ಒಂದು ಹಕ್ಕಿ ಕಂಡೊಡನೆ ಹೊರಡುವ ಪ್ರಶ್ನೆಗಳು ಇವು: ಯಾವಾಗ ಬಂತು? ಎಲ್ಲಿಂದ? ಒಂದೇನಾ, ಜೋಡೀನಾ? ಹೋದ ವರ್ಷ ಬಂದದ್ದು ಇದೇನಾ? ಗೂಡು ಎಲ್ಲಿ, ಮರಿ ಎಷ್ಟು? ಮದುವೆ ಮನೆಯಲ್ಲಿ ಅಪರಿಚಿತ ಹುಡುಗನೊಬ್ಬ ಕೈಗೆ ಸಿಕ್ಕಾಗ ಸೋದರತ್ತೆಯೊಬ್ಬಳು ಕೇಳುವ ಪ್ರಶ್ನಾವಳಿ ಇದಕ್ಕಿಂತ ಒಂದಕ್ಷರವೂ ಬೇರೆಯಲ್ಲ. ಸಂಬಳ ಎಷ್ಟು ಎಂಬುದೊಂದು ಇಲ್ಲಿ ಬಿಟ್ಟುಹೋಗಿದೆ, ಅಷ್ಟೆ. ಗುರುತಿನ ಜಗಳವೂ ಅದೇ ಜಾತಿಯದು. ಎಲೆಯ ಮರೆಯಲ್ಲಿ ಬೆರಳುದ್ದದ ಉಲಿಯಕ್ಕಿಯೊಂದು ಚಡಪಡಿಸುತ್ತಿದ್ದರೆ, ಅದು ಗ್ರೀನ್ ವಾರ್ಬ್ಲರೋ ಗ್ರೀನಿಶ್ ವಾರ್ಬ್ಲರೋ ಎಂದು ಇಪ್ಪತ್ತು ನಿಮಿಷ ವಾಗ್ವಾದ ನಡೆಯುತ್ತದೆ. ಒಂದು ಹಸಿರು, ಇನ್ನೊಂದು ಹಸಿರಿನಂಥದ್ದು. ‘ರೆಕ್ಕೆಯ ಪಟ್ಟಿ ನೋಡಿದ್ರಾ ಸಾರ್?’ ‘ಪಟ್ಟಿ ಬಿಡಪ್ಪ, ಕೂಗು ಕೇಳು.’ ‘ಅದು ಕೂಗಿದ್ದಲ್ಲ ಮಾರಾಯ್ರೆ, ನಿಮ್ಮ ಜಿಪ್ಪು.’ ನೂರು ಗಜ ದೂರದಿಂದ ನಡಿಗೆ ಕಂಡು ‘ಇವನು ಶಾನುಭೋಗರ ಎರಡನೇ ಮಗನ ಭಾವಮೈದ’ ಎಂದು ಹೇಳಿಬಿಡುತ್ತಿದ್ದ ಜಗಲಿಯ ಅಜ್ಜನ ವಿದ್ಯೆ ಇದೇ ಅಲ್ಲವೇ? ಅಜ್ಜನಿಗೆ ಎಂಟು ಪಟ್ಟು ಹತ್ತಿರ ತೋರಿಸುವ ಎಂಟು-ನಲವತ್ತೆರಡರ ದುರ್ಬೀನು ಇರಲಿಲ್ಲ. ಬೀದಿಯೂ ಅಷ್ಟು ಅಗಲವಿರಲಿಲ್ಲ.

ಈ ಗೆಳೆತನಕ್ಕೆ ಹಬ್ಬದ ಕಾಲ ಚಳಿಗಾಲದ ಕೊನೆ. ಸಂಕ್ರಾಂತಿಯ ಎಳ್ಳು ಖಾಲಿಯಾಗಿ, ಸೊಗಡು ಅವರೆ ಮುಗಿಯುತ್ತ ಬಂದು, ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಡುವವರೆಗಿನ ಈ ಐದಾರು ವಾರಗಳಲ್ಲಿ ಇವರನ್ನು ಮನೆಯಲ್ಲಿ ಕಟ್ಟಿಹಾಕಲು ಸಾಧ್ಯವಿಲ್ಲ. ಕಾರಣವೂ ಜಗಲಿಯದೇ. ಶಿಶಿರದಲ್ಲಿ ಮರದ ಎಲೆ ಉದುರುತ್ತದೆ, ಅಂದರೆ ಬೀದಿಯ ಮನೆಗಳ ಪರದೆಗಳನ್ನೆಲ್ಲ ಒಗೆಯಲು ಹಾಕಿದ ಹಾಗೆ. ಮುತ್ತುಗ, ಬೂರುಗ ಎಲೆ ಬಿಟ್ಟು ಬರೀ ಹೂ ಹೊತ್ತು ನಿಂತಾಗ ಯಾರು ಯಾರ ಮನೆಗೆ ಕುಡಿಯಲು ಬಂದರು ಎಂಬುದು ಬಟಾಬಯಲು. ಗುಲಾಬಿ ಕಬ್ಬಕ್ಕಿಗಳ ದಂಡು ಮಧು ಕುಡಿದು ಗಲಾಟೆ ಎಬ್ಬಿಸುವುದು ಆ ಕೊಂಬೆಗಳ ಮೇಲೆಯೇ. ಕೆರೆಯ ನೀರು ಇಳಿದು ಕೆಸರು ಕಾಣುವಾಗ ಗೊರವಗಳೂ ಬಾತುಗಳೂ ಉಳಿದಷ್ಟು ಜಾಗದಲ್ಲಿ ಮೆಜೆಸ್ಟಿಕ್ಕಿನ ಹಾಗೆ ಒತ್ತಿಕೊಂಡು ನಿಲ್ಲುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ನೆಂಟರು ಹೊರಡುವ ಸಮಯ. ಮಧ್ಯ ಏಷ್ಯಾದಿಂದಲೋ ಹಿಮಾಲಯದಿಂದಲೋ ಅಕ್ಟೋಬರಿನ ಹೊತ್ತಿಗೆ ಮಾಸಲು ಬಟ್ಟೆಯಲ್ಲಿ ಬಂದಿಳಿದವರು, ಊರಿಗೆ ಹೋಗುವ ಮುಂಚೆ ಹೊಸ ಬಣ್ಣ ತೊಡತೊಡಗುತ್ತಾರೆ. ಕಬ್ಬಕ್ಕಿಯ ಗುಲಾಬಿ ಗಾಢವಾಗುತ್ತದೆ, ಹಳದಿ ಸಿಪಿಲೆ ಹೆಸರಿಗೆ ತಕ್ಕಂತೆ ಹಳದಿಯಾಗುತ್ತದೆ. ಇತ್ತ ಸ್ಥಳೀಯರ ಮನೆಗಳಲ್ಲಿ ಲಗ್ನದ ಓಡಾಟ: ಕಂಚುಗಾರ ಹಕ್ಕಿ ಬೆಳಗಿನಿಂದ ಟೊಂಕ್ ಟೊಂಕ್ ಎಂದು ಪಾತ್ರೆ ಬಡಿಯುತ್ತಿದೆ, ಘಟ್ಟದ ಕಾಡಿನಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಗೆ ಹೊಕ್ಕು ಬಾಗಿಲು ಮೆತ್ತಿಕೊಳ್ಳುತ್ತಿದೆ. ನಮ್ಮ ಅಜ್ಜಿಯರ ಕಾಲದ ಬಾಣಂತನವೂ ಇಷ್ಟು ಕಟ್ಟುನಿಟ್ಟಿನದಾಗಿರಲಿಲ್ಲ. ಗಂಡು ಸೀಳಿನ ಮೂಲಕ ಹಣ್ಣು ತಂದು ತಂದು ಕೊಡುತ್ತಾನೆ, ವಾರಗಟ್ಟಲೆ. ಒಂದು ಕಡೆ ಬೀಳ್ಕೊಡುಗೆ, ಇನ್ನೊಂದು ಕಡೆ ಮದುವೆ, ಮೂರನೆಯ ಕಡೆ ಬಾಣಂತನ. ಊರವರ ಸುದ್ದಿ ಆಡುವವರಿಗೆ ಇದಕ್ಕಿಂತ ಒಳ್ಳೆಯ ತಿಂಗಳು ಇನ್ನೊಂದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮಂಕಿ ಟೋಪಿಯವರ ಮುಖ ಕೆಂಪಾಗಿರುತ್ತದೆ. ಇದು ವಿಜ್ಞಾನ, ಸ್ವಾಮಿ, ಎಂದು ಅವರ ಆಕ್ಷೇಪ. ಜನವರಿಯ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ. ಫೆಬ್ರುವರಿಯ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳನ್ನು ಎಣಿಸುತ್ತಾರೆ, ಅಮೆರಿಕದಲ್ಲಿ 1998ರಲ್ಲಿ ಶುರುವಾದ ಈ ಗಣತಿಗೆ 2013ರಿಂದ ಭಾರತವೂ ಸೇರಿದೆ. ಕನಿಷ್ಠ ಹದಿನೈದು ನಿಮಿಷ ನಿಂತು ಕಂಡದ್ದನ್ನೆಲ್ಲ ಬರೆದು ಕಳಿಸಿದರೆ ಅದು ದತ್ತಾಂಶ. ಒಪ್ಪಿದೆ. ಆದರೆ ಈ ವಿಜ್ಞಾನ ಹುಟ್ಟಿದ್ದು ಹೇಗೆ? 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಏ. ಓ. ಹ್ಯೂಮ್ ಭಾರತದ ಪಕ್ಷಿಶಾಸ್ತ್ರದ ಪಿತಾಮಹ ಎನಿಸಿಕೊಂಡದ್ದು ದೇಶದ ಮೂಲೆಮೂಲೆಯ ಅಧಿಕಾರಿಗಳಿಂದ ಕಾಗದ ತರಿಸಿಕೊಂಡೇ. ನಿಮ್ಮ ಕಡೆ ಯಾರು ಬಂದರು, ಯಾರು ಮೊಟ್ಟೆಯಿಟ್ಟರು ಎಂದು ಕೇಳುವುದು, ಬಂದ ಉತ್ತರಗಳನ್ನು 1872ರಿಂದ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕುವುದು. ಆ ಮಹಾಶಯನ ವರ್ಷಗಟ್ಟಲೆಯ ಹಸ್ತಪ್ರತಿಯನ್ನು ಅವನ ಆಳೊಬ್ಬ ಸಿಮ್ಲಾದ ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ. ಬೇಸರದಿಂದ ಹ್ಯೂಮ್ ಹಕ್ಕಿ ಬಿಟ್ಟು ರಾಜಕೀಯಕ್ಕೆ ಇಳಿದ ಎಂದರೆ ಪೂರ್ತಿ ಸುಳ್ಳಾಗದು. ನಾಡಿನ ಚರಿತ್ರೆಯಲ್ಲಿ ಆ ಅನಾಮಧೇಯ ರದ್ದಿ ವ್ಯಾಪಾರಿಗೂ ಒಂದು ಸಣ್ಣ ಜಾಗ ಸಲ್ಲಬೇಕು. ಈಗ ಕಾಗದದ ಬದಲು ಕೊರಳಪಟ್ಟಿ ಬಂದಿದೆ. ಮಂಗೋಲಿಯಾದಲ್ಲಿ ಅಕ್ಷರ ಬರೆದ ಪಟ್ಟಿ ತೊಡಿಸಿಕೊಂಡ ಪಟ್ಟೆತಲೆ ಹೆಬ್ಬಾತು ಮೈಸೂರು ಸೀಮೆಯ ಕೆರೆಗೆ ಬಂದಿಳಿದರೆ, ಎರಡು ದೇಶಗಳ ನಡುವೆ ಪತ್ರ ವ್ಯವಹಾರ ಆಗಿ, ‘ನಿಮ್ಮವಳು ಸುಖವಾಗಿ ಬಂದು ತಲುಪಿದ್ದಾಳೆ’ ಎಂಬ ಸುದ್ದಿ ಹೋಗುತ್ತದೆ. ಇದೇ ಬಾತುಗಳು ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರ ಮುಟ್ಟಿದ್ದನ್ನು ಉಪಕರಣ ಕಟ್ಟಿ ಅಳೆದಿದ್ದಾರೆ. ಮಗಳು ರೈಲು ಹತ್ತಿದಳೇ, ಊಟ ಮಾಡಿದಳೇ, ಈಗ ಯಾವ ಸ್ಟೇಷನ್ ಎಂದು ಗಂಟೆಗೊಮ್ಮೆ ಫೋನ್ ಮಾಡುವ ತಂದೆಗೂ ಈ ಸಂಶೋಧಕರಿಗೂ ಇರುವ ವ್ಯತ್ಯಾಸ ಅನುದಾನದ್ದು ಮಾತ್ರ. ಸುದ್ದಿಗೆ ತಾರೀಖು, ಸ್ಥಳ, ಸಂಖ್ಯೆ ಸೇರಿಸಿದರೆ ವಿಜ್ಞಾನವಾಗುತ್ತದೆ ಎಂದರೆ ನನ್ನ ವಾದಕ್ಕೆ ಅದು ಪೆಟ್ಟಲ್ಲ, ಬಲ.

ಮೇಷ್ಟ್ರ ಆಕ್ಷೇಪ ಬೇರೆ: ಸುದ್ದಿ ಆಡುವುದೆಂದರೆ ಬಾಯಿ, ನಮ್ಮದು ಮೌನದ ಕೆಲಸ. ನಿಜ, ಎಂಟು ಗಂಟೆಯವರೆಗೆ ಮೌನ. ಆಮೇಲೆ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬರುತ್ತದೆ, ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ಕಟ್ಟೆ ಒಡೆಯುತ್ತದೆ. ಪಕ್ಕದ ಮೇಜಿನವರು ಕಿವಿಗೊಟ್ಟರೆ ಗಾಬರಿಯಾಗಬೇಕು. ‘ಆ ಹೆಣ್ಣು ಒಂದಲ್ಲ ಎರಡಲ್ಲ, ನಾಲ್ಕು ಗಂಡುಗಳನ್ನು ಇಟ್ಟುಕೊಂಡಿದ್ದಾಳೆ. ಮಕ್ಕಳನ್ನು ನೋಡಿಕೊಳ್ಳೋದೆಲ್ಲ ಅವರೇ!’ ಮಾತು ದೇವನಕ್ಕಿಯದು. ತಾವರೆ ಎಲೆಯ ಮೇಲೆ ನಡೆದಾಡುವ ಆ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಮುಂದಿನ ಸಂಸಾರಕ್ಕೆ ಹೊರಡುತ್ತದೆ, ಕಾವು ಕೊಡುವುದು ಗಂಡು. ಕೋಗಿಲೆಯ ಬಗ್ಗೆ ಇವರ ಬಾಯಲ್ಲಿ ಬರುವ ಮಾತಂತೂ ಮುದ್ರಣಯೋಗ್ಯವಲ್ಲ. ಕವಿಗಳು ಅದರ ದನಿಗೆ ಮರುಳಾದರು, ಇವರಿಗೆ ಅದು ಕಾಗೆಯ ಮನೆಗೆ ಮಗು ಸೇರಿಸಿ ಹಾಡು ಹೇಳಿಕೊಂಡು ತಿರುಗುವ ಸಂಸಾರ. ಗೀಜಗದ ಗಂಡು ಅರ್ಧ ಮನೆ ಕಟ್ಟಿ ಹೆಣ್ಣು ಒಪ್ಪಲೆಂದು ಕಾಯುವುದನ್ನು ವರ್ಣಿಸುವಾಗ, ಗೃಹಸಾಲದ ಕಂತು ಕಟ್ಟುತ್ತ ಇನ್ನೂ ಹೆಣ್ಣು ಸಿಗದ ಸಾಫ್ಟ್‌ವೇರಿನ ಹುಡುಗ ಇಡ್ಲಿಯ ಕಡೆ ನೋಡುತ್ತಾನೆ. ಅಂದಹಾಗೆ, ಗುಂಪುಗಟ್ಟಿಕೊಂಡು ಪೊದೆಯಿಂದ ಪೊದೆಗೆ ಹಾರುತ್ತ ಇಡೀ ದಿನ ಚರಚರ ಎನ್ನುವ ಬೂದು ಹಕ್ಕಿಗೆ ಕನ್ನಡದಲ್ಲಿ ಹರಟೆಮಲ್ಲ ಎಂದು ಹೆಸರು. ಯಾವ ಪುಣ್ಯಾತ್ಮ ಇಟ್ಟನೋ, ಹಕ್ಕಿಯನ್ನು ಕಂಡು ಇಟ್ಟನೋ, ಅದನ್ನು ನೋಡಲು ಬಂದವರನ್ನು ಕಂಡು ಇಟ್ಟನೋ.

ಕೊನೆಯ ಆಕ್ಷೇಪವೊಂದಿದೆ, ಅದನ್ನು ಮಾತ್ರ ನಗುತ್ತ ತಳ್ಳಿಹಾಕಲಾರೆ. ಪರರ ಸುದ್ದಿಯಿಂದ ಮನೆ ಮುರಿಯುತ್ತದೆ, ಹಕ್ಕಿಯ ಸುದ್ದಿಯಿಂದ ಯಾರಿಗೇನು ನಷ್ಟ ಎನ್ನುತ್ತಾರೆ. ನಷ್ಟ ಆಗುತ್ತದೆ. ಗೂಬೆಯ ಗೂಡು ಇಂಥ ಮರದಲ್ಲಿ ಎಂಬ ಒಂದು ಸಾಲು ಸಂಜೆಯೊಳಗೆ ಹತ್ತು ಗುಂಪು ಸುತ್ತಿದರೆ, ಬೆಳಗಾಗುವಷ್ಟರಲ್ಲಿ ಮರದ ಕೆಳಗೆ ಕಾರಿನ ಬೆಲೆಯ ಲೆನ್ಸುಗಳ ಫಿರಂಗಿ ಸಾಲು. ಅಡ್ಡ ಬಂದ ಕೊಂಬೆ ಕತ್ತರಿಸುವವರಿದ್ದಾರೆ. ಮೊಬೈಲಿನಲ್ಲಿ ಗಂಡಿನ ಕೂಗು ಹಾಕಿ, ಎದುರಾಳಿ ಬಂದನೆಂದು ಹಕ್ಕಿ ಕೆರಳಿ ಹೊರಬರುವಂತೆ ಮಾಡುವವರಿದ್ದಾರೆ. ಮದುವೆ ಗೊತ್ತಾದ ಮನೆಗೆ ಮೂಗರ್ಜಿ ಬರೆಯುವುದಕ್ಕೂ ಇದಕ್ಕೂ ಅಂಥ ಅಂತರವೇನೂ ಇಲ್ಲ. ನಮ್ಮ ಮೂವರ ಒಳ್ಳೆಯತನ ಕಾಣುವುದು ಇಲ್ಲಿಯೇ. ಗೂಡಿನ ಸಂಗತಿ ಗೊತ್ತಿದ್ದೂ, ನಾಲಿಗೆಯ ತುದಿಗೆ ಬಂದಿದ್ದೂ, ಯಾರಾದರೂ ಕೇಳಿದರೆ ‘ಕನಕಪುರದ ಕಡೆ ಎಲ್ಲೋ’ ಎಂದು ತೇಲಿಸುತ್ತಾರೆ. ಪಟ್ಟಿ ಕಳಿಸುವ ಇ-ಬರ್ಡ್ ತಾಣವೇ ಕೆಲವು ಅಪಾಯದಂಚಿನ ಹಕ್ಕಿಗಳ ಜಾಗವನ್ನು ಬಚ್ಚಿಡುತ್ತದೆ. ಹರಟೆ ಬೇಕು, ವಿಳಾಸ ಕೊಡಬಾರದು. ಜಗಲಿಯ ಅಜ್ಜನಿಗೆ ಈ ಸಂಯಮ ಇದ್ದಿದ್ದರೆ ಎಷ್ಟೋ ಸಂಸಾರ ಉಳಿಯುತ್ತಿದ್ದವು.

ಇದೆಲ್ಲ ಪೇಟೆಯವರ, ಇಂಗ್ಲಿಷ್ ಪುಸ್ತಕದವರ ಹುಚ್ಚು ಎಂದು ಮೂಗು ಮುರಿಯುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬರಬೇಕು. ಅಲ್ಲಿ ಮನೆಯ ಮುಂದಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಈ ಕಾಲಕ್ಕೆ ಗೂಡು ಹೂಡುತ್ತವೆ. ಊರವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತ ಬಂದಿದ್ದಾರೆ. ಯಾರ ಕೈಯಲ್ಲೂ ದುರ್ಬೀನಿಲ್ಲ, ಪಟ್ಟಿಯಿಲ್ಲ. ಈ ಸಲ ತಡವಾಯಿತು, ಮರಿ ಒಂದು ಬಿತ್ತು ಎಂಬ ಲೆಕ್ಕ ಮಾತ್ರ ನಾಲಿಗೆಯ ಮೇಲಿದೆ. ವಿಜಯದಶಮಿಯಂದು ನೀಲಕಂಠ ಕಂಡರೆ ಶುಭ, ಗರುಡ ಕಂಡರೆ ಕೈ ಮುಗಿ, ಹಾಲಕ್ಕಿ ನುಡಿದರೆ ಕಿವಿಗೊಡು ಎಂದುಕೊಂಡು ಬೆಳೆದ ನಾಡು ಇದು. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂದು ನಾವು ನಂಬಿದ್ದೆವು. ಈಗ ನೆಂಟರು ಫೋನ್ ಮಾಡಿಯೇ ಬರುತ್ತಾರೆ, ಬಹುಪಾಲು ಬರುವುದೂ ಇಲ್ಲ. ನಾವೇ ಹಕ್ಕಿಗಳನ್ನು ನೆಂಟರನ್ನಾಗಿ ಮಾಡಿಕೊಂಡಿದ್ದೇವೆ.

ಮನೆಯವರ ದೂರು ಇದ್ದೇ ಇದೆ, ಅದು ನ್ಯಾಯವೂ ಹೌದು. ಬಾಗಿಲ ಪಕ್ಕದಲ್ಲಿ ಎರಡು ದಿನದಿಂದ ನಿಂತ ಖಾಲಿ ಸಿಲಿಂಡರ್ ಕಾಣದ ಕಣ್ಣಿಗೆ ಅರ್ಧ ಮೈಲಿ ಆಚೆಯ ಸೆಳೆವದ ಬಾಲದ ಪಟ್ಟೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಮಂಕಿ ಟೋಪಿಯವರ ಬಳಿ ಉತ್ತರವಿಲ್ಲ. ಆದರೆ ಮಾರ್ಚಿನ ಒಂದು ಬೆಳಿಗ್ಗೆ ಅವರು ಮಹಡಿ ಹತ್ತಿ, ಆರು ತಿಂಗಳಿನಿಂದ ನೀರಿನ ಟ್ಯಾಂಕಿನ ಪಕ್ಕ ಬಾಲ ಕುಣಿಸುತ್ತ ಓಡಾಡುತ್ತಿದ್ದ ಬೂದು ಸಿಪಿಲೆ, ಹಳ್ಳಿಯ ಬಾಯಲ್ಲಿ ಕುಂಡೆಕುಸ್ಕ, ಅಲ್ಲಿಲ್ಲವೆಂದು ಕಂಡು, ಇಳಿದು ಬಂದು ಮೊದಲು ಮಾಡುವ ಕೆಲಸ ಮೇಷ್ಟ್ರಿಗೆ ಫೋನು. ಅಡುಗೆಮನೆಯಲ್ಲಿ ಕುಕ್ಕರಿನ ಸದ್ದು ತಗ್ಗಿಸಿ ಕಿವಿ ನಿಮಿರಿಸಿದವರಿಗೆ ಈ ಕಡೆಯ ಮಾತಷ್ಟೇ ಕೇಳುತ್ತದೆ: ‘ನಮ್ಮದು ಹೋಯ್ತು ಮೇಷ್ಟ್ರೆ... ನಿನ್ನೆ ಸಾಯಂಕಾಲದ ತನಕ ಇತ್ತು... ಹೌದೌದು, ಮೈ ಕೈ ತುಂಬಿಕೊಂಡಿತ್ತು, ಚೆನ್ನಾಗಿ ತಿಂತಿತ್ತು... ನಿಮ್ಮದು ಇನ್ನೂ ಇದೆಯಾ? ಇರಲಿ ಬಿಡಿ, ನಾಲ್ಕು ದಿನ ಇದ್ದು ಹೋಗಲಿ.’