ಬೀಜ ಎಸೆಯದ ರಾಯರು

ರಾಯರ ಮನೆಗೆ ಹೋದವರಿಗೆ ಮರದ ದರ್ಶನ ಆಗದೆ ಕಾಫಿ ಇಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ 30×40 ಸೈಟಿನಲ್ಲಿ ಮನೆ ಕಟ್ಟಿಸಿಕೊಂಡವರು. ಸಂಪಿಗೂ ಕಾಂಪೌಂಡಿಗೂ ನಡುವೆ ಉಳಿದ ಚೂರು ಜಾಗದಲ್ಲಿ ಬೆಣ್ಣೆಹಣ್ಣಿನ ಮರ. ಇಂಥವರು ಈಗ ಬೆಂಗಳೂರು, ಮೈಸೂರಿನ ಯಾವ ಬಡಾವಣೆಯಲ್ಲಿ ಹುಡುಕಿದರೂ ಸಿಗುತ್ತಾರೆ. ಒಂದು ಕಡೆ ರಾಯರು, ಇನ್ನೊಂದು ಕಡೆ ಗೌಡರು, ಮತ್ತೊಂದು ಕಡೆ ಮೇಷ್ಟ್ರು.

ಶುರುವಾದದ್ದು ಜ್ಯೂಸಿನಿಂದ. ಹಣ್ಣು ರುಬ್ಬಿದ ಮೇಲೆ ಉಳಿದ ಬೀಜವನ್ನು ಮನೆಯಾಕೆ ಕಸದ ಬುಟ್ಟಿಗೆ ಹಾಕುವಷ್ಟರಲ್ಲಿ, "ಏ, ಎಸೀಬೇಡ್ವೇ!" ಎಂದು ರಾಯರು ಓಡಿ ಬಂದರು. ಬೀಜಕ್ಕೆ ಮೂರು ಹಲ್ಲುಕಡ್ಡಿ ಚುಚ್ಚಿ, ದಪ್ಪ ಬುಡ ನೀರಿನಲ್ಲಿ ಅದ್ದಿರುವಂತೆ ಗಾಜಿನ ಲೋಟದ ಬಾಯಿಗೆ ನಿಲ್ಲಿಸಿ, ಅಡುಗೆಮನೆ ಕಿಟಕಿಯಲ್ಲಿಟ್ಟರು. ವಾರಗಳು ಕಳೆದ ಮೇಲೆ ಬೀಜ ಸೀಳಿತು, ಬಿಳೀ ಬೇರು ಇಳಿಯಿತು. ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಿಗ್ಗೆ ಅದರ ಫೋಟೋ. "ನನ್ನ ಬಾಣಂತನಕ್ಕೂ ಇಷ್ಟು ಓಡಾಡಿರಲಿಲ್ಲ," ಎಂದು ಮನೆಯಾಕೆ ಒಗ್ಗರಣೆಯ ನಡುವೆ ಗೊಣಗಿದ್ದುಂಟು.

ಮರ ಮಹಡಿ ದಾಟಿತು, ಕಾಯಿ ಇಲ್ಲ. ಕಾರಣ ಮಾತ್ರ ವರ್ಷಕ್ಕೊಂದು. ಒಂದು ವರ್ಷ ಮಣ್ಣು ಸರಿಯಿರಲಿಲ್ಲ. ಮರುವರ್ಷ ದೋಷ ಹೂವಿನದು. "ಇದರ ಹೂ ಮೊದಲ ಸಲ ಅರಳಿದಾಗ ಹೆಣ್ಣು, ಮುಚ್ಚಿಕೊಂಡು ಮಾರನೆ ದಿನ ಅರಳಿದಾಗ ಗಂಡು. ಎ ಜಾತಿಯದು ಬೆಳಿಗ್ಗೆ ಹೆಣ್ಣಾದರೆ ಬಿ ಜಾತಿಯದು ಮಧ್ಯಾಹ್ನ. ಎರಡೂ ಹತ್ತಿರ ಇದ್ದರೆ ಚೆನ್ನ." ಹೀಗೆಂದು ಜಾತಕ ಕೂಡಿಸುವವರ ಹಾಗೆ ಪಕ್ಕದ ಮನೆಯವರ ಬೆನ್ನು ಹತ್ತಿದರು, ನಿಮ್ಮ ಕಡೆ ಒಂದು ಬಿ ಗಿಡ ಹಾಕಿ ಎಂದು. ಪಕ್ಕದವರ ಸೋಲಾರ್‌ಗೆ ಆಗಲೇ ಮಧ್ಯಾಹ್ನದ ಬಿಸಿಲಿರಲಿಲ್ಲ.

ಯಾರಾದರೂ ಕಡಿಸಿಬಿಡಿ ಎಂದರೆ ಹ್ಯಾಸ್ ಕಥೆ ಬರುತ್ತದೆ. ಕ್ಯಾಲಿಫೋರ್ನಿಯಾದ ಪೋಸ್ಟ್‌ಮ್ಯಾನ್ ರುಡಾಲ್ಫ್ ಹ್ಯಾಸ್ 1926ರಲ್ಲಿ ಬೀಜ ನೆಟ್ಟನಂತೆ, ಒಂದು ಸಸಿಗೆ ಕಸಿ ಮತ್ತೆ ಮತ್ತೆ ಹಿಡಿಯಲಿಲ್ಲವಂತೆ, ಕಡಿಯಹೊರಟರೆ ಕಸಿಯವನೇ ಬೇಡವೆಂದನಂತೆ. 1935ರಲ್ಲಿ ಪೇಟೆಂಟ್, ಇವತ್ತು ಜಗತ್ತಿನ ಅಂಗಡಿಗಳಲ್ಲಿ ಹೆಚ್ಚಾಗಿ ಅವನ ಹಣ್ಣೇ. ಎಲ್ಲವೂ ನಿಜ. ಆದರೆ ಪೇಟೆಂಟಿನಿಂದ ಅವನ ಕೈಗೆ ಐದು ಸಾವಿರ ಡಾಲರೂ ಬರಲಿಲ್ಲ ಎಂಬುದನ್ನೂ, ಬೀಜದ ಗಿಡ ತಾಯಿಯಂಥದೇ ಹಣ್ಣು ಕೊಡುವುದಿಲ್ಲ ಎಂಬುದನ್ನೂ ರಾಯರು ಜಾಣತನದಿಂದ ನುಂಗುತ್ತಾರೆ.

ಕೊನೆಗೆ ಒಂದು ವರ್ಷ ನಾಲ್ಕಾರು ಕಾಯಿ ಬಂತು. ಮರದಲ್ಲೇ ಹಣ್ಣಾಗಲಿ ಎಂದು ಕಾದರು. ಈ ಕಾಯಿ ಮರದಲ್ಲಿ ಮೆತ್ತಗಾಗುವುದೇ ಇಲ್ಲ. ಕಿತ್ತ ಮೇಲೇ ಹಣ್ಣಾಗುವುದು. ಅಳಿಲು ತಿಂದು ಉಳಿದದ್ದನ್ನು ಅಕ್ಕಿ ಡಬ್ಬದಲ್ಲಿ ಹೂತು, ದಿನಾ ಹೆಬ್ಬೆರಳಿನಿಂದ ಒತ್ತಿ ನೋಡಿದರು; ಬಂದವರ ಕೈಲೂ ಒತ್ತಿಸಿದರು. ಕೊಯ್ದಾಗ ಒತ್ತಿದಲ್ಲೆಲ್ಲ ಕಪ್ಪು, ಮಿಕ್ಕದ್ದು ನಾರು. ತಟ್ಟೆ ಹಿಡಿದವರೆಲ್ಲ "ಭರ್ಜರಿಯಾಗಿದೆ ರಾಯರೇ" ಎಂದರು. ಇನ್ನೇನು ಹೇಳಲಾದೀತು?

ಹಣ್ಣೇ ಬೇಕೆನ್ನುವವರು ಕಸಿ ಗಿಡ ತನ್ನಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಆರಿಸಿ ಕೊಟ್ಟಿದೆ. ನೀರು ನಿಲ್ಲದ ಜಾಗ ನೋಡಿ ನೆಡಿ, ನಿಂತರೆ ಬೇರು ಕೊಳೆಯುತ್ತದೆ. ಬೀಜದ ಗಿಡಕ್ಕಿಂತ ಎಷ್ಟೋ ಬೇಗ ಕಾಯಿ ಕಾಣುತ್ತೀರಿ. ರಾಯರ ಎದುರಿಗೆ ಮಾತ್ರ ಕಸಿ ಗಿಡದ ಸುದ್ದಿ ಎತ್ತಬೇಡಿ.