ಹಿತ್ತಿಲ ಕೃಷಿಪರ್ವ

ಲಾಲ್‌ಬಾಗಿನ ಸಮೀಪದಲ್ಲಿ ಮನೆ ಮಾಡುವವರು ಬಾಡಿಗೆ, ನೀರು, ಗಾಳಿಬೆಳಕುಗಳ ವಿಚಾರವನ್ನೆಲ್ಲ ಕೂಲಂಕಷವಾಗಿ ವಿಚಾರಿಸಿಕೊಳ್ಳುತ್ತಾರೆಯೇ ಹೊರತು, ಆ ಉದ್ಯಾನದಿಂದ ಮನುಷ್ಯನ ಮನಃಶಾಂತಿಗೆ ಒದಗಬಹುದಾದ ಅಪಾಯವನ್ನು ಮುಂಗಾಣುವುದಿಲ್ಲ. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿ, ಟಿಪ್ಪುವು ದೇಶಾಂತರಗಳಿಂದ ಗಿಡಬೀಜಗಳನ್ನು ತರಿಸಿ ಬೆಳಸಿದ ಆ ತೋಟದ ಗಾಜಿನ ಮನೆಯಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನವನ್ನು ನೋಡಿ, ಬಹುಮಾನದ ಚೀಟಿಯನ್ನು ಅಂಟಿಸಿಕೊಂಡು ಗಂಭೀರವಾಗಿ ಮಲಗಿರುವ ಬದನೆಕಾಯಿಗಳನ್ನು ಸಾವಧಾನವಾಗಿ ಪ್ರದಕ್ಷಿಣೆ ಮಾಡಿ ಮನೆಗೆ ಮರಳಿದವನಿಗೆ, ಅದುವರೆಗೆ ಬಟ್ಟೆ ಒಣಗಿಸುವುದಕ್ಕೆ ಸಾಕಾಗಿದ್ದ ಹಿತ್ತಿಲು ಏಕಾಏಕಿ ತನ್ನ ಜೀವನದ ಅಪೂರ್ಣತೆಯ ಸಾಕ್ಷಿಯಾಗಿ ಕಾಣತೊಡಗುತ್ತದೆ. ನನಗೆ ಹಾಗೆಯೇ ಕಂಡಿತು. ಮತ್ತು ಆ ಉತ್ಸಾಹವು, ಮನೆಯವರೆಲ್ಲರ ನಿರೀಕ್ಷೆಗೆ ವಿರುದ್ಧವಾಗಿ, ರೋಹಿಣಿ ಮಳೆ ಬೀಳುವತನಕ ಆರದೆ ಉಳಿಯಿತು.

ಅಗೆತದ ವಿಷಯವಾಗಿ ಹೆಚ್ಚು ಹೇಳಲಾರೆ. ಮೇಲ್ಪದರದಲ್ಲಿ ಹಿಂದಿನ ಬಾಡಿಗೆದಾರರ ಔಷಧದ ಸೀಸೆಗಳು, ಅದರಡಿಯಲ್ಲಿ ಗಾರೆಯ ಹೆಂಟೆ, ಅದಕ್ಕೂ ಕೆಳಗೆ ಮಂಗಳೂರು ಹೆಂಚಿನ ಚೂರು, ಹೀಗೆ ಪ್ರಾಕ್ತನ ಶಾಸ್ತ್ರಜ್ಞರಿಗೆ ರೋಮಾಂಚವನ್ನುಂಟುಮಾಡತಕ್ಕ ಸ್ತರಗಳನ್ನು ದಾಟಿದ ಮೇಲೆ ಬೆಂಗಳೂರಿನ ಕೆಮ್ಮಣ್ಣು ಎಂಬುದು ನಿಜವಾಗಿಯೂ ದೊರೆಯಿತು.

ನೆಲ ಹದವಾದರೆ ಸಾಲದು, ಬೆಳೆಯುವವನ ಬುದ್ಧಿಯೂ ಹದವಾಗಬೇಕೆಂಬ ನಂಬಿಕೆಯಿಂದ ನಾನು ಗ್ರಂಥಗಳ ಮೊರೆಹೊಕ್ಕೆನು. ಕನ್ನಡಿಗನಿಗೆ ಈ ವಿಷಯದಲ್ಲಿ ದಾರಿದ್ರ್ಯವಿಲ್ಲ. ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ಚಾವುಂಡರಾಯನೆಂಬ ಕವಿಯು ತನ್ನ 'ಲೋಕೋಪಕಾರ'ದಲ್ಲಿ ಅಡುಗೆಗೆ ಸೂಪಶಾಸ್ತ್ರವನ್ನೂ ಗಿಡಗಳಿಗೆ ವೃಕ್ಷಾಯುರ್ವೇದವನ್ನೂ ಒಂದೇ ಹೊತ್ತಗೆಯಲ್ಲಿ ಒದಗಿಸಿಕೊಟ್ಟಿದ್ದಾನೆ. ಅದಕ್ಕೂ ಹಿಂದಿನ ವರಾಹಮಿಹಿರನಾದರೋ ತನ್ನ 'ಬೃಹತ್ಸಂಹಿತೆ'ಯಲ್ಲಿ, ಬಿತ್ತುವ ಬೀಜವನ್ನು ಹತ್ತು ದಿವಸ ಹಾಲಿನಲ್ಲಿ ನೆನೆಯಿಟ್ಟು, ದಿನವೂ ತುಪ್ಪ ಸವರಿದ ಕೈಯಿಂದ ತೆಗೆದು, ಬಳಿಕ ಸಗಣಿಯಲ್ಲಿ ಹೊರಳಿಸಬೇಕೆಂದು ವಿಧಿಸುತ್ತಾನೆ. ಈ ವಿಧಿಯನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಾಗ ನನ್ನ ಗೃಹಿಣಿಯು ಕೊನೆಯವರೆಗೂ ಸಮಾಧಾನದಿಂದ ಕೇಳಿ, "ಆ ಹಾಲು ತುಪ್ಪ ಎರಡನ್ನೂ ನನಗೆ ಕೊಟ್ಟುಬಿಡಿ, ಹತ್ತು ದಿನ ಬೇಡ, ಅರ್ಧ ಗಂಟೇಲಿ ಪಾಯಸ ಮಾಡಿಕೊಡ್ತೀನಿ. ಸಗಣಿ ಮಾತ್ರ ನೀವೇ ಇಟ್ಕೊಳ್ಳಿ" ಎಂದಳು. ಪಾಯಸವು ಚೆನ್ನಾಗಿತ್ತು. ಪ್ರಾಚೀನ ವಿಜ್ಞಾನದ ಪ್ರಯೋಗವು ನಮ್ಮ ಮನೆಯಲ್ಲಿ ಅಷ್ಟಕ್ಕೆ ನಿಂತಿತು.

ಗೊಬ್ಬರದ ವಿಷಯದಲ್ಲಿ ಮಾತ್ರ ಗ್ರಂಥದ ಆವಶ್ಯಕತೆಯೇ ಬೀಳಲಿಲ್ಲ. ಗುದ್ದಲಿಯನ್ನು ಹಿಡಿದು ಕಾಂಪೌಂಡಿನ ಬಳಿ ನಿಂತ ಮನುಷ್ಯನಿಗೆ ಬುದ್ಧಿ ಹೇಳದೆ ಮುಂದೆ ಹೋಗುವ ಶಕ್ತಿಯನ್ನು ದೇವರು ನಮ್ಮ ಬೀದಿಯವರಾರಿಗೂ ಅನುಗ್ರಹಿಸಿಲ್ಲ. ಹಸಿ ಸಗಣಿ ಹಾಕಿದರೆ ಬೇರು ಸುಟ್ಟುಹೋಗುವುದೆಂದು ಹಾಲಿನವನು, ಅದೇ ಅಮೃತವೆಂದು ಅಂಚೆಯವನು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕೆಂದು ಎದುರು ಮನೆಯ ಅಜ್ಜಿ. ಇವರಲ್ಲಿ ಹಾಲಿನವನು ಮತ್ತು ಅಜ್ಜಿ ಹೇಳಿದ್ದು ಸತ್ಯ. ಆದರೆ ಸತ್ಯವು ಯಾವುದೆಂಬುದು ಬಿತ್ತಿದ ಮೇಲಲ್ಲದೆ ತಿಳಿಯದಿರುವುದೇ ಕೃಷಿಯ ವೈಶಿಷ್ಟ್ಯ. ಮೆಂತ್ಯವೊಂದು ಯಾರ ಉಪದೇಶಕ್ಕೂ ಕಾಯದೆ ಮೂರು ನಾಲ್ಕು ದಿನಗಳಲ್ಲಿ ಮೊಳೆತು ನನ್ನ ಮಾನವನ್ನು ಕಾಪಾಡಿತು.

ಆದರೆ ಆ ವರ್ಷದ ಹಿತ್ತಿಲ ಚರಿತ್ರೆಯಲ್ಲಿ ಉಲ್ಲೇಖಾರ್ಹವಾದುದು ಕುಂಬಳದ ಬಳ್ಳಿಯೊಂದೇ. ಬಚ್ಚಲ ನೀರು ಹರಿದುಹೋಗುವ ಕಡೆಯಲ್ಲಿ, ಎಂದೋ ಹುಳಿಗೆ ಹೆಚ್ಚಿ ಎಸೆದ ಸಿಹಿಗುಂಬಳದ ತಿರುಳಿನಿಂದ ಅದು ಹುಟ್ಟಿತೆಂದು ಮನೆಯವಳ ವಾದ. ಅದೆಂತೇ ಇರಲಿ, ಅದಕ್ಕೆ ಚಪ್ಪರವನ್ನು ಹಾಕಿದವನು ನಾನು. ಆ ಚಪ್ಪರವನ್ನು ತಿರುಗಿಯೂ ನೋಡದೆ ನೆರೆಮನೆಯ ಗೋಡೆಯನ್ನು ಏರಿದ್ದು ಬಳ್ಳಿಯ ಸ್ವಂತ ನಿರ್ಣಯ. ಎಲೆ ಬಂದಿತು, ಹೂ ಬಂದಿತು, ದಿನವೂ ಹೊಂಬಣ್ಣದ ಹೂಗಳು ಮುಂಜಾನೆ ಅರಳಿ ಬಿಸಿಲೇರುವುದರೊಳಗೆ ಮುದುಡಿ ಉದುರಿದವೇ ವಿನಾ ಕಾಯಿಯೆಂಬುದರ ಸುಳಿವಿಲ್ಲ. ಆಗ ನೆರೆಮನೆಯ ನಿವೃತ್ತ ಅಮಲ್ದಾರರು ಗೋಡೆಯ ಮೇಲಿಂದ ಇಣಿಕಿ, ಕನ್ನಡಕವನ್ನು ಸರಿಪಡಿಸಿಕೊಂಡು, "ಎಲ್ಲ ಗಂಡುಹೂ ಕಣ್ರೀ ಇದು" ಎಂದು ತೀರ್ಪಿತ್ತರು. ಕುಂಬಳದ ಜಾತಿಯಲ್ಲಿ ಗಂಡುಹೂಗಳು ಮೊದಲು ಬರುವುವೆಂದೂ, ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತುಕೊಂಡೇ ಹೆಣ್ಣುಹೂ ಆಮೇಲೆ ಬರುವುದೆಂದೂ, ದುಂಬಿಗಳು ಕೈಕೊಟ್ಟರೆ ಮನುಷ್ಯನೇ ಮುಂದೆ ನಿಲ್ಲಬೇಕೆಂದೂ ಅವರು ವಿವರಿಸಿದರು. ಕೊನೆಗೊಂದು ದಿನ ಹೆಣ್ಣುಹೂ ಅರಳಿತು, ಅದೂ ಗೋಡೆಯ ಆಚೆಯ ಮಗ್ಗುಲಲ್ಲಿ. ಅಮಲ್ದಾರರು ಸ್ನಾನ ಮಾಡಿ, ವಿಭೂತಿಯನ್ನು ಧರಿಸಿ, ಲಗ್ನಕ್ಕೆ ಹೊತ್ತು ಮೀರುತ್ತಿರುವ ಪುರೋಹಿತರಂತೆ ಅವಸರಪಡುತ್ತ ಬಂದು, ನಾನು ಈಚೆಯಿಂದ ಕಿತ್ತುಕೊಟ್ಟ ಗಂಡುಹೂವಿನ ದಳಗಳನ್ನು ಬಿಡಿಸಿ, ಅದರ ಪರಾಗವನ್ನು ಸ್ವಹಸ್ತದಿಂದ ಹೆಣ್ಣುಹೂವಿಗೆ ಸವರಿದರು.

ಕಾಯಿ ಕಚ್ಚಿತು. ಹಿಗ್ಗಿತು. ಬೇರು ನಮ್ಮಲ್ಲಿ, ಫಲವು ಅವರಲ್ಲಿ, ಕನ್ಯಾದಾನದ ಪುಣ್ಯವು ಅವರದು, ಬಚ್ಚಲ ನೀರು ನಮ್ಮದು. ಇಂಥ ವ್ಯಾಜ್ಯಕ್ಕೆ ಕಂದಾಯದ ಕಾನೂನಿನಲ್ಲಿ ಏನು ಪರಿಹಾರವಿದೆಯೆಂದು ಅಮಲ್ದಾರರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಮಾತನಾಡುತ್ತಿದ್ದ ನಾವು ಆ ಒಂದು ಶಬ್ದವನ್ನು ಮಾತ್ರ ಎಚ್ಚರಿಕೆಯಿಂದ ತಪ್ಪಿಸುತ್ತಿದ್ದೆವು. ಏಕೆಂದರೆ ಕುಂಬಳಕಾಯಿ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಯಾರೆಂಬುದು ನಮ್ಮಿಬ್ಬರೊಳಗೆ ಇತ್ಯರ್ಥವಾಗಿರಲಿಲ್ಲ.

ಹೀಗಿರಲಾಗಿ ಅಮಲ್ದಾರರು ಮಗಳ ಊರಿಗೆ ಹೋಗಿದ್ದ ಒಂದು ಬೆಳಿಗ್ಗೆ ಅವರ ಮನೆಯಾಕೆ ಗೋಡೆಯ ಬಳಿ ಬಂದು ನನ್ನ ಹೆಂಡತಿಯನ್ನು ಕೂಗಿ, "ಏನ್ರೀ, ನಿಮ್ಮ ಯಜಮಾನರನ್ನ ಒಂದು ನಿಮಿಷ ಕಳಿಸ್ತೀರಾ? ಕುಂಬಳಕಾಯಿ ಒಡೀಬೇಕಿತ್ತು, ಮನೇಲಿ ಗಂಡಸರು ಯಾರೂ ಇಲ್ಲ" ಎಂದರು. ಇಡಿಯ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದೆಂಬ ಸಂಪ್ರದಾಯವನ್ನು ನಾನು ಬಲ್ಲೆ. ಸಂಪ್ರದಾಯಕ್ಕೆ ತಲೆಬಾಗಿ ಹೋದೆನು. ನನ್ನ ಚಪ್ಪರವನ್ನು ಧಿಕ್ಕರಿಸಿದ ಆ ಕಾಯಿಯನ್ನು ಅವರ ಅಡುಗೆಮನೆಯ ಈಳಿಗೆಮಣೆಯ ಮುಂದೆ ಕುಳಿತು, ಬೆವರು ಸುರಿಸಿ, ಎರಡು ಹೋಳು ಮಾಡಿಕೊಟ್ಟೆನು. ಆಕೆ ಸಂತೋಷದಿಂದ, "ನಮ್ಮವರು ಬೆಳಗಾನೆದ್ದು ಎಷ್ಟು ಕಷ್ಟಪಟ್ಟು ಬೆಳೆಸಿದ ಕಾಯಿ, ಬಣ್ಣ ನೋಡಿ!" ಎನ್ನುತ್ತ ಪುಟ್ಟದೊಂದು ಹೋಳನ್ನು ಎಲೆಯಲ್ಲಿ ಸುತ್ತಿ ನನ್ನ ಕೈಗಿತ್ತು, ಬಾಗಿಲವರೆಗೆ ಬಂದು, ಕಾಗದದಲ್ಲಿ ಕಟ್ಟಿದ ನಾಲ್ಕು ಬೀಜಗಳನ್ನೂ ಕೊಟ್ಟು ಹೇಳಿದರು: "ನಿಮ್ಮ ಹಿತ್ತಿಲಲ್ಲೂ ಒಂದು ಬಳ್ಳಿ ಹಾಕಿ ನೋಡಿ. ಏನೂ ಕಷ್ಟವಿಲ್ಲ, ತಾನಾಗೇ ಬರುತ್ತೆ."