ರಸ್ತೆಯ ಅಷ್ಟಾವಧಾನಿ

ಅಷ್ಟಾವಧಾನ ನೋಡಿದವರಿಗೆ ಆ ಕಷ್ಟ ಗೊತ್ತು. ಎಂಟು ಜನ ಪೃಚ್ಛಕರು ಸುತ್ತುವರಿದು ಕೂತಿರುತ್ತಾರೆ. ಒಬ್ಬರು ಅವಧಾನಿಗಳ ಬಾಯಿಂದ ಬರಲಿರುವ ಅಕ್ಷರವನ್ನೇ ಊಹಿಸಿ ನಿಷೇಧಿಸುತ್ತಾರೆ, ಇನ್ನೊಬ್ಬರು ತಲೆಬುಡವಿಲ್ಲದ ಸಾಲೊಂದನ್ನು ಸಮಸ್ಯೆ ಎಂದು ಎಸೆಯುತ್ತಾರೆ, ಮತ್ತೊಬ್ಬರು ನಾಲ್ಕು ಪದ ಕೊಟ್ಟು ಪದ್ಯದಲ್ಲಿ ಕೂರಿಸಿ ಅನ್ನುತ್ತಾರೆ. ನಡುವೆ ಬಾಯಿ ಹಾಕಿ ದಾರಿ ತಪ್ಪಿಸಲಿಕ್ಕೆಂದೇ ಅಪ್ರಸ್ತುತ ಪ್ರಸಂಗದವರೊಬ್ಬರು. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಶತಾವಧಾನಿ ಆರ್. ಗಣೇಶರಂಥವರಿಗೆ ಇದು ಒಲಿದದ್ದು ಎಷ್ಟೋ ವರ್ಷಗಳ ಸಾಧನೆಯಿಂದ. ನಾನು ಹೇಳಹೊರಟಿರುವ ಅವಧಾನಿಗೆ ಮಾತ್ರ ಒಂದು ಡ್ರೈವಿಂಗ್ ಲೈಸೆನ್ಸೇ ಸಾಕಾಗಿದೆ.

ಇವರು ನಿಮ್ಮ ಮನೆಯಲ್ಲೂ ಇದ್ದಾರೆ. ವಯಸ್ಸು ಐವತ್ತರ ಆಸುಪಾಸು. ಮನೆ ಬನಶಂಕರಿಯಲ್ಲೋ ವಿಜಯನಗರದಲ್ಲೋ. ಕಾರು ಬಿಳಿಯದು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ. "ಇಪ್ಪತ್ತೈದು ವರ್ಷದಿಂದ ಓಡಿಸ್ತಿದ್ದೀನಿ ಕಣ್ರೀ, ನನ್ನಿಂದ ಒಂದು ಸ್ಕ್ರ್ಯಾಚ್ ಆಗಿಲ್ಲ" ಅನ್ನುವುದು ಅವರ ಪೀಠಿಕೆ. ಬಾಗಿಲ ಮೇಲಿನ ಗೀರುಗಳು, ಬಂಪರಿನ ತಗ್ಗು, ಎಡಗಡೆ ಮುರಿದು ಟೇಪು ಸುತ್ತಿಸಿಕೊಂಡ ಕನ್ನಡಿ ಎಲ್ಲವೂ ಅನ್ಯರ ಕೃತಿಗಳು.

ಅವರ ಅವಧಾನ ನೋಡಬೇಕಾದರೆ ಮೈಸೂರಿನಲ್ಲಿ ಯಾರದೋ ಗೃಹಪ್ರವೇಶವಿರಬೇಕು, ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಟಿರಬೇಕು. ಪಕ್ಕದ ಸೀಟಿನಲ್ಲಿ ಮನೆಯವರು, ನಿಷೇಧಾಕ್ಷರಿಗೆ ಅವರೇ: "ರೀ, ಓವರ್‌ಟೇಕ್ ಬೇಡ. ಬಲಕ್ಕೆ ಬೇಡ. ಅಷ್ಟು ಹತ್ರ ಬೇಡ." ಹಿಂದಿನ ಸೀಟಿನಿಂದ ಮಗನ ದತ್ತಪದಿ: ಎಸಿ, ಚಿಪ್ಸು, ಚಾರ್ಜರು, ಒಂದಕ್ಕೆ. ನಾಲ್ಕನ್ನೂ ಬಿಡದಿಯೊಳಗೆ ಹೊಂದಿಸಬೇಕು. ಮ್ಯಾಪಿನ ಹೆಣ್ಣುದನಿ ತಿರುಗಲು ಜಾಗವೇ ಇಲ್ಲದ ಕಡೆ ಯೂ-ಟರ್ನ್ ತೆಗೆದುಕೊಳ್ಳಿ ಎಂದು ಸಮಸ್ಯೆ ಒಡ್ಡುತ್ತದೆ. ಫಾಸ್ಟ್ಯಾಗಿನಲ್ಲಿ ದುಡ್ಡು ಎಷ್ಟು ಉಳಿದಿದೆ ಅನ್ನುವುದು ಸಂಖ್ಯಾಬಂಧ. ಇನ್ನು ಅವರ ತಾಯಿ, ಲಾರಿ ಅಡ್ಡ ಬಂದ ಗಳಿಗೆಯನ್ನೇ ಕಾದಿದ್ದವರಂತೆ, "ಅಲ್ವೋ, ಹಾಸನದವರ ಎರಡನೇ ಹುಡುಗಿಗೆ ಆ ಸಂಬಂಧ ಕುದುರಿತೇನೋ?" ಎಂದು ಅಪ್ರಸ್ತುತ ಪ್ರಸಂಗಕ್ಕೆ ಇಳಿಯುತ್ತಾರೆ. ನಮ್ಮವರು ಒಬ್ಬರನ್ನೂ ನಿರಾಶೆಗೊಳಿಸುವುದಿಲ್ಲ. ಹುಡುಗಿಯ ವಿಷಯಕ್ಕಂತೂ ಪೂರ್ತಿ ಹಿಂದೆ ತಿರುಗಿ, ತಾಯಿಯ ಮುಖ ನೋಡಿಯೇ ಉತ್ತರ ಕೊಡುತ್ತಾರೆ. ಹಿರಿಯರಿಗೆ ಬೆನ್ನು ಹಾಕಿ ಮಾತಾಡಬಾರದಲ್ಲ.

ಫೋನು ಬೇರೆ. 2019ರ ತಿದ್ದುಪಡಿ ಬಂದ ಮೇಲೆ, ಫೋನನ್ನು ಕೈಯಲ್ಲಿ ಹಿಡಿದು ಓಡಿಸುವುದು ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಅಪಾಯಕಾರಿ ಚಾಲನೆ. ಅವಧಾನಿಗಳು ಕಾನೂನಿಗೆ ತಲೆಬಾಗಿ ಬ್ಲೂಟೂತ್ ಹಾಕಿಸಿದರು. ಈಗ ಅವರ ಭಾವಮೈದ ನಾಲ್ಕು ಸ್ಪೀಕರಿನಲ್ಲೂ ಇರುತ್ತಾನೆ. ಸೈಟಿನ ಖಾತೆ ವಿಷಯ ಅವನು ಎತ್ತಿದನೆಂದರೆ ಇವರ ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಕಂದಾಯ ಕಚೇರಿಯ ಮೆಟ್ಟಿಲು ಹತ್ತುತ್ತಿರುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುತ್ತಿದ್ದವರು ಕಣ್ಣೆದುರಿನ ಕೆಂಪು ಸಿಗ್ನಲ್ಲನ್ನು ತಪ್ಪಿಸಿಕೊಂಡದ್ದು ಮಾತಿಲ್ಲದಾಗಿನ ಎರಡು ಪಟ್ಟಿಗೂ ಹೆಚ್ಚು. ಕೈಯಲ್ಲಿ ಫೋನು ಹಿಡಿದವರಿಗೂ ಹಿಡಿಯದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಇದನ್ನು ಅವರಿಗೆ ಹೇಳಿದೆ. "ಅದು ಅಮೆರಿಕದವರಿಗೆ ಸ್ವಾಮಿ. ಸಿಲ್ಕ್ ಬೋರ್ಡಿನಲ್ಲಿ ಓಡಿಸಿದವರನ್ನ ಕೂರಿಸಿ ನೋಡ್ಲಿ" ಅಂದರು. ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು.

ಅವರ ಇನ್ನೊಂದು ನುಡಿಗಟ್ಟು, "ಎಲ್ಲಿಂದ ಬಂದ್ನೋ ಮಾರಾಯ, ಕಾಣ್ಲೇ ಇಲ್ಲ!" ಇದನ್ನು ಕೇಳಿದ ಬೈಕಿನವನಿಗೆ ಮೈ ಉರಿಯುತ್ತದೆ, ಹೆಲ್ಮೆಟ್ಟು, ಹಸಿರು ಜಾಕೆಟ್ಟು, ಹಿಂದೆ ಗ್ಯಾಸ್ ಸಿಲಿಂಡರು ಎಲ್ಲ ಇಟ್ಟುಕೊಂಡು ಕಾಣದಿರುವುದು ಹೇಗೆ? ಆದರೆ ಅವಧಾನಿಗಳು ಸುಳ್ಳು ಹೇಳುತ್ತಿಲ್ಲ. 1999ರಲ್ಲಿ ಹಾರ್ವರ್ಡ್‌ನ ಸೈಮನ್ಸ್ ಮತ್ತು ಶಾಬ್ರಿ ಒಂದು ವಿಡಿಯೊ ತೋರಿಸಿ, ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಸಲ ಕೈ ಬದಲಾಯಿಸುತ್ತಾರೆ ಎಣಿಸಿ ಅಂದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ನಿಧಾನಕ್ಕೆ ಹಾದುಹೋದರು. ನೋಡುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ಬೇರೇನನ್ನೋ ಎಣಿಸುತ್ತಿರುವವನ ಕಣ್ಣಿಗೆ ಗೊರಿಲ್ಲಾವೇ ಬೀಳದಿದ್ದಾಗ ಸಿಲಿಂಡರಿನವನದು ಯಾವ ಲೆಕ್ಕ?

ಮನೋನಿಗ್ರಹದಲ್ಲೂ ಅವರೇನು ಕಡಿಮೆಯಿಲ್ಲ. ಬೆಳಿಗ್ಗೆ ಐದಕ್ಕೆದ್ದು ಪ್ರಾಣಾಯಾಮ, ಮೇಲೆ ಧ್ಯಾನ. "ಮನಸ್ಸು ಅನ್ನೋದು ನಾನು ಹೇಳಿದ ಹಾಗೆ ಕೇಳುತ್ತೆ" ಅನ್ನುತ್ತಾರೆ. ಕೆಂಗೇರಿ ದಾಟುವ ತನಕ ಕೇಳುತ್ತದೆ. ಆಮೇಲೆ ಯಾವುದೋ ಕರಿ ಕಾರು ಹಿಂದಿನಿಂದ ಹೆಡ್‌ಲೈಟ್ ಮಿಟುಕಿಸಿ, ಎಡದಿಂದ ನುಗ್ಗಿ, ಹೋಗುತ್ತ ಒಂದು ಹಾರನ್ನನ್ನೂ ಹೊಡೆದು ಹೋಗುತ್ತದೆ. ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂತರೂ ದಕ್ಕದ ಏಕಾಗ್ರತೆ ಅವರಿಗೆ ಆ ಗಳಿಗೆಯಲ್ಲಿ ಸಿದ್ಧಿಸುತ್ತದೆ. ಮಡದಿ ಮಕ್ಕಳು, ಮ್ಯಾಪು, ಭಾವಮೈದ ಎಲ್ಲರೂ ಮರೆಯಾಗಿ ಲೋಕದಲ್ಲಿ ಆ ಕಾರಿನ ನಂಬರ್ ಪ್ಲೇಟೊಂದೇ ಉಳಿಯುತ್ತದೆ. ಕೊನೆಗೂ ಅದನ್ನು ಹಿಂದೆ ಹಾಕಿ, "ಹೆಂಗೆ?" ಅನ್ನುವಂತೆ ಕನ್ನಡಿಯಲ್ಲಿ ನೋಡಿ ಉಸಿರು ಬಿಡುವಷ್ಟರಲ್ಲಿ ಬಿಡದಿಗೆ ಇಳಿಯುವ ದಾರಿ ಹಿಂದೆ ಉಳಿದಿರುತ್ತದೆ. ತಟ್ಟೆ ಇಡ್ಲಿ ಹೋಯಿತು. "ಮದ್ದೂರಲ್ಲಿ ವಡೆ ತಿಂದ್ರಾಯ್ತು ಬಿಡಿ" ಅನ್ನುತ್ತಾರೆ. ಹೊಸ ರಸ್ತೆ ಮದ್ದೂರನ್ನೂ ಬದಿಗಿಟ್ಟು ಹೋಗುತ್ತದೆಂಬುದು ಆಗ ಯಾರಿಗೂ ನೆನಪಿರುವುದಿಲ್ಲ.

ಹಳೆಯ ರಸ್ತೆ ಅವರನ್ನು ಎಚ್ಚರವಾಗಿಟ್ಟಿತ್ತು. ರಾಮನಗರದಲ್ಲಿ ಬಸ್ಸು, ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗೆ ನಿಂತ ಕಾರುಗಳು, ಮಂಡ್ಯದಲ್ಲಿ ಕಬ್ಬಿನ ಗಾಡಿ. ಬೇಡವೆಂದರೂ ಕಣ್ಣು ದುಡಿಯುತ್ತಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ದಶಪಥದಲ್ಲಿ ನೋಡುವುದಕ್ಕೆ ಬೇಲಿ ಬಿಟ್ಟರೆ ಬೇಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೆ ಇಂಥದ್ದೇ ತಲೆನೋವಿತ್ತು: ರೇಡಾರ್ ಪರದೆ ಕಾಯುವವರು ಎದುರಿಗೇ ಮೂಡಿದ ಚುಕ್ಕೆಯನ್ನು ಬಿಟ್ಟುಬಿಡುತ್ತಿದ್ದರು. ಮ್ಯಾಕ್‌ವರ್ತ್ ಎಂಬಾತ, ಮುಳ್ಳು ಆಗೊಮ್ಮೆ ಈಗೊಮ್ಮೆ ಮಾತ್ರ ಎರಡು ಹೆಜ್ಜೆ ಹಾರುವ ಗಡಿಯಾರವೊಂದರ ಮುಂದೆ ಜನರನ್ನು ಕೂರಿಸಿ ನೋಡಿದ. ಅರ್ಧ ಗಂಟೆ ಕಳೆಯುವಷ್ಟರಲ್ಲೇ ಎಚ್ಚರ ಸೊರಗುತ್ತದೆ ಎಂದು 1948ರಲ್ಲಿ ಬರೆದ. ನಮ್ಮವರಿಗೆ ಅರ್ಧ ಗಂಟೆ ಆಗುವುದು ರಾಮನಗರದ ಬಂಡೆಗಳ ಹತ್ತಿರ. ಅಲ್ಲಿ ಆಕಳಿಕೆ ಬರುತ್ತದೆ, ಆಕಳಿಕೆಗೆ ಮದ್ದಾಗಿ ಫೋನು ಬರುತ್ತದೆ, ಮನೆತನದ ಗ್ರೂಪಿನಲ್ಲಿ ಯಾರೋ ಹಾಕಿದ ಶುಭೋದಯವನ್ನು "ಸುಮ್ನೆ ಹಂಗೇ ಒಂದ್ಸಲ" ನೋಡುತ್ತಾರೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಗುಲಾಬಿ ಹೂವಿನ ಕೆಳಗಿನ ಸುಭಾಷಿತವನ್ನು ಐದು ಸೆಕೆಂಡಿನಲ್ಲಿ ಓದಿ ತಲೆಯೆತ್ತುವಷ್ಟರಲ್ಲಿ 140 ಮೀಟರ್ ರಸ್ತೆಯನ್ನು ಯಾರೂ ನೋಡಿರುವುದಿಲ್ಲ. ಆದರೆ ಕ್ಯಾಮೆರಾ ಎಲ್ಲೆಲ್ಲಿದೆ ಅನ್ನುವುದು ಮಾತ್ರ ಅವರಿಗೆ ಬಾಯಿಪಾಠ.

ಅಂದಮೇಲೆ ಇಷ್ಟು ವರ್ಷ ಇವರು ಕ್ಷೇಮವಾಗಿ ಹೋಗಿ ಬಂದದ್ದು ಹೇಗೆ? ಉತ್ತರ ಎಡಗಡೆ ಸೀಟಿನ ಕೆಳಗಿದೆ. ಅಲ್ಲಿ ಕಂಪನಿಯವರು ಕೊಡದ ಬ್ರೇಕೊಂದಿದೆ, ಮನೆಯವರು ಬೆಂಗಳೂರಿನಿಂದಲೂ ಅದನ್ನು ಬಲಗಾಲಿನಲ್ಲಿ ಒತ್ತುತ್ತಲೇ ಬಂದಿರುತ್ತಾರೆ. ಲಾರಿಯನ್ನು ಮೊದಲು ನೋಡುವವರೂ "ರೀ!" ಅನ್ನುವವರೂ ಅವರೇ. ಫೋನಿನಲ್ಲಿರುವ ಭಾವಮೈದನಿಗೆ ಲಾರಿ ಕಾಣದು, ಅವನ ಮಾತು ನಿಲ್ಲದು. ಪಕ್ಕದಲ್ಲಿ ಕೂತವರ ಮಾತು ಇಕ್ಕಟ್ಟಿನ ಜಾಗ ಬಂದಾಗ ತಾನಾಗಿ ನಿಲ್ಲುತ್ತದೆ. ಈ ಸೇವೆಗೆ ಅವರಿಗೆ ಸಿಗುವ ಮನ್ನಣೆ, "ಡ್ರೈವ್ ಮಾಡೋರು ನೀವೋ ನಾನೋ?"

ಸರಿ, ಅಂತೂ ಮೈಸೂರು ಬಂತು. ಕುವೆಂಪುನಗರದ ಅಡ್ಡರಸ್ತೆಗಳಲ್ಲಿ ಮನೆ ಹುಡುಕಬೇಕು. ಬೀದಿ ಖಾಲಿ, ಮರದ ನೆರಳಲ್ಲಿ ಒಂದು ನಾಯಿ, ಅದೂ ಮಲಗಿದೆ. ಕಾರು ಸೈಕಲ್ಲಿಗಿಂತ ನಿಧಾನ. ಅವಧಾನಿಗಳು ಸ್ಟಿಯರಿಂಗನ್ನು ಮೊದಲ ಬಾರಿಗೆ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಹಾಡು ನಿಲ್ಲಿಸುತ್ತಾರೆ. ಭಾವಮೈದನ ಕರೆ ಕತ್ತರಿಸುತ್ತಾರೆ. ಮೂರನೇ ಮನೆಯ ಗೇಟಿನ ಮೇಲಿನ ನಂಬರನ್ನು ಕಣ್ಣು ಕಿರಿದು ಮಾಡಿ ಓದುತ್ತ, ಮೇಲೆತ್ತಿದ ಕೈಯಲ್ಲೇ ಮಗನಿಗೂ ತಾಯಿಗೂ ಗದರುತ್ತಾರೆ:

"ಎಲ್ರೂ ಒಂದು ನಿಮಿಷ ಬಾಯಿ ಮುಚ್ಕೊಂಡು ಕೂತ್ಕೊಳ್ರಪ್ಪ! ಗಾಡಿ ಓಡಿಸ್ತಿರೋದು ಕಾಣಲ್ವಾ?"